ಹುಲಗಪ್ಪನ ಎಡಚ ಬಾಣ

ಬಾಳೆಗಿಡ ಓಡುವ ಪ್ರಾಣಿಯಲ್ಲ. ನೆಟ್ಟ ಕಡೆ ನಿಂತಿರುತ್ತದೆ. ಹೊಡೆಯಲು ಬಂದವನನ್ನು ಕಂಡು ಬಂಡೆಯ ಹಿಂದೆ ಅಡಗುವುದಿಲ್ಲ, ಬಗ್ಗಿ ತಪ್ಪಿಸಿಕೊಳ್ಳುವುದೂ ಇಲ್ಲ. ಇಂಥ ಬಾಳೆಗಿಡಕ್ಕೆ ಎರಡು ದಸರೆ ಗುರಿ ತಪ್ಪಿದ ಗಂಡಸು ಇಡೀ ಕೊಪ್ಪಳ ಸೀಮೆಯಲ್ಲಿ ಒಬ್ಬನೇ ಇದ್ದ. ಅವನೇ ಮುನಿರಾಬಾದಿನ ಡ್ಯಾಮ್ ಕಾಲೋನಿಯ ಜವಾನ ಹುಲಗಪ್ಪ.

ಅವನ ಊರು ಜೋಡಬಂಡಿ, ಸಾಣಾಪುರದ ಆಚೆ ಬಂಡೆಗಳ ನಡುವೆ ಸಿಕ್ಕಿಕೊಂಡಿರುವ ಹಳ್ಳಿ. ಅಲ್ಲಿ ವಿಜಯದಶಮಿಯ ಸಂಜೆ ಬನ್ನಿಗಿಡದ ಮುಂದೆ ಬಾಳೆಗಿಡ ನೆಡುತ್ತಾರೆ. ಹುಲಗಪ್ಪನ ಮನೆತನದವರು ಅಜ್ಜನ ಬಿಲ್ಲಿನಿಂದ ಅದಕ್ಕೆ ಬಾಣ ನಾಟಿಸಬೇಕು. ನಾಟಿದ ಮೇಲೇ ಊರವರು ಬನ್ನಿ ಎಲೆ ಮುರಿದು, ‘ಬಂಗಾರದಂಗ ಇರೋಣ’ ಎಂದು ಹಂಚಿಕೊಂಡು, ಮನೆಗೆ ಹೋಗಿ ಹೋಳಿಗೆ ಉಣ್ಣುವುದು. ನಾಟದಿದ್ದರೆ ಬನ್ನಿಯೂ ಇಲ್ಲ, ಹೋಳಿಗೆಯೂ ಇಲ್ಲ. ಹೋದ ವರ್ಷ ಹುಲಗಪ್ಪ ಹೊಡೆದ, ಹೊಡೆದ, ಹೊಡೆಯುತ್ತಲೇ ಇದ್ದ. ಮಕ್ಕಳು ಹಸಿದು ಅಳತೊಡಗಿದವು. ಹೊತ್ತು ಮುಳುಗಿದಾಗ ಊರ ಹಿರಿಯ ಮುದುಕಪ್ಪ ಎದ್ದುಹೋಗಿ, ಬಾಣವನ್ನು ಕೈಯಲ್ಲೇ ಹಿಡಿದು ಬಾಳೆಗಿಡಕ್ಕೆ ಚುಚ್ಚಿದ.

“ನಾಟಿತು ನೋಡ್ರಪಾ, ಊಟಕ್ಕ ಏಳ್ರಿ. ಹುಲಗಪ್ಪಾ, ಬರೋ ವರ್ಷನೂ ಹಿಂಗಾ ಆದ್ರ ಬಿಲ್ಲು ಓಬಳೆಪ್ಪನ ಮನಿಗೆ ಹೋಗ್ತೈತಿ, ಈಗ ಹೇಳಿಬಿಟ್ಟೀನಿ.”

ಓಬಳೆಪ್ಪ ಅಂದರೆ ಹುಲಗಪ್ಪನ ದೊಡ್ಡಪ್ಪನ ಮಗ. ಮೀಸೆ ಬಲು ದೊಡ್ಡದು. ಆ ಬಿಲ್ಲನ್ನು ತೂಗುಹಾಕಲೆಂದು ಅವನು ಮಾರನೆಯ ದಿನವೇ ತನ್ನ ಪಡಸಾಲೆಯ ಗೋಡೆಗೆ ಗೂಟ ಹೊಡೆದ. ಹುಲಗಪ್ಪನ ಎದೆಗೆ ಹೊಡೆದಂತಾಯಿತು. ಅಜ್ಜ, ಅಪ್ಪ ಹಿಡಿದ ಬಿಲ್ಲು ತನ್ನ ಕಾಲಕ್ಕೆ ಮನೆ ಬಿಟ್ಟು ಹೋದರೆ ಊರಲ್ಲಿ ಮೋರೆ ತೋರಿಸುವುದಾದರೂ ಹೇಗೆ?

ಹೀಗಿರುವಾಗ ಎಂಬತ್ತೇಳನೆಯ ಇಸವಿಯ ದಸರೆಗೆ ಇನ್ನೂ ತಿಂಗಳಿದೆ ಎನ್ನುವಷ್ಟರಲ್ಲಿ, ಸಾಣಾಪುರದ ಕೆರೆಯ ದಂಡೆಯಲ್ಲಿ ಒಬ್ಬ ಪರದೇಶದವನು ಡೇರೆ ಹಾಕಿದ. ರಜೆಯ ದಿನ ಬಂಡೆಯ ಮರೆಯಲ್ಲಿ ಗುಟ್ಟಾಗಿ ಬಾಣ ಬಿಟ್ಟು ಕಲಿಯುತ್ತಿದ್ದ ಹುಲಗಪ್ಪನನ್ನು ಅವನು ಕಂಡ. ನಿಲ್ಲಿಸಿದರೆ ಹುಲಗಪ್ಪನಿಗಿಂತ ಗೇಣು ಎತ್ತರವಿದ್ದ ಆ ಬಿದಿರು ಬಿಲ್ಲನ್ನು ಕೂಸಿನಂತೆ ಎತ್ತಿಕೊಂಡು ಮುದ್ದಾಡಿದ. ಆಮೇಲೆ ಡೇರೆಗೆ ಓಡಿ ಮೂರು ಕರಿ ಬಾಣ ತಂದು ಕೈಗಿಟ್ಟ. “ಕಾರ್ಬನ್” ಎಂದ. ಹಗುರ ಅಂದರೆ ಅಷ್ಟು ಹಗುರ, ಬಗ್ಗಿಸಿದರೆ ಮಾತ್ರ ಬಗ್ಗದು.

ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಆ ಪುಣ್ಯಾತ್ಮ ಕೈಸನ್ನೆಯಲ್ಲಿ ಏನೇನೋ ಹೇಳಿದ. ಬಾಣದ ಹಿಂದಿದ್ದ ಪ್ಲಾಸ್ಟಿಕ್ ಗರಿ ತೋರಿಸಿ ಬೇಡ ಎಂಬಂತೆ ತಲೆ ಅಲ್ಲಾಡಿಸಿ, ಅಲ್ಲೇ ಕೆದಕುತ್ತಿದ್ದ ಕೋಳಿಯ ಕಡೆ ಬೆರಳು ಮಾಡಿದ. ಒಂದು ಕಲ್ಲು ಎತ್ತಿ ಬಾಣದ ಮೂತಿಯ ಮೇಲಿಟ್ಟು “ಹೂಂ? ಹೂಂ?” ಎಂದ. ಹುಲಗಪ್ಪನಿಗೆ ಥಟ್ಟನೆ ಅರ್ಥವಾಯಿತು. ಕೋಳಿ, ಕಲ್ಲು. ಬಾಣಕ್ಕೆ ಬದಲಾಗಿ ಕೋಳಿಸಾರು ಕೇಳುತ್ತಿದ್ದಾನೆ, ಮಸಾಲೆಯನ್ನು ಕಲ್ಲಿನಲ್ಲೇ ಅರೆಯಬೇಕಂತೆ!

ಮರುದಿನವೇ ಹೆಂಡತಿ ದುರುಗವ್ವನಿಂದ ಖಾರವಾಗಿ ಸಾರು ಮಾಡಿಸಿ, ಡಬ್ಬಿ ಕಟ್ಟಿಕೊಂಡು, ಬಸ್ಸು ಹತ್ತಿ ಹೋಗಿ ಕೊಟ್ಟುಬಂದ. ಪರದೇಶದವನು ಡಬ್ಬಿಯನ್ನು ನೋಡಿದ, ಬಾಣವನ್ನು ನೋಡಿದ, ಹುಲಗಪ್ಪನನ್ನು ಬಹಳ ಹೊತ್ತು ನೋಡಿದ. ಉಂಡು ಕಣ್ಣೀರು ಸುರಿಸಿದ. ಮಾರನೆಯ ದಿನ ಡೇರೆ ಕಿತ್ತು ಹೋದ.

ಇತ್ತ ಕಚೇರಿಯಲ್ಲಿ ಹುಲಗಪ್ಪನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಚಹಾ ಕೊಡುವಾಗ ಒಂದು ಕೈಯಲ್ಲಿ ಕಪ್ಪು, ಇನ್ನೊಂದು ಕೈಯಲ್ಲಿ ಬಾಣ.

“ಫಾರಿನ್ ಬಾಣರಿ. ಇದಕ್ಕ ಗುರಿ ಹಿಡಿಯೋದಾ ಬ್ಯಾಡ. ಬಿಟ್ರ ತಾನಾ ಹುಡುಕ್ಕೊಂಡು ಹೋಗಿ ನಾಟ್ತೈತಿ.”

ಅದು ಹುಡುಕಿಕೊಂಡು ಹೋಗುತ್ತಿದ್ದುದೇನೋ ನಿಜ. ಆದರೆ ಎಡಗಡೆ ಏನಿದೆಯೋ ಅದನ್ನೇ ಹುಡುಕುತ್ತಿತ್ತು. ಕ್ವಾರ್ಟರ್ಸಿನ ಹಿಂದಿನ ಕಾಲುವೆ ದಂಡೆಯಲ್ಲಿ ಹುಲಗಪ್ಪ ಬಾಳೆದಿಂಡು ನಿಲ್ಲಿಸಿ ಹೊಡೆದ ಮೊದಲ ಬಾಣ ದಿಂಡಿನ ಎಡಕ್ಕೆ ಆಳುದ್ದ ಸರಿದು, ಬಾಲ ಬಡಿಯುತ್ತ ಹೋಗಿ, ಸೆಕ್ಷನ್ ಸಾಹೇಬ ಅಮರಪ್ಪನವರ ಅಂಗಳದಲ್ಲಿ ಅವರ ಹೆಂಡತಿ ಒಣಹಾಕಿದ್ದ ಹಪ್ಪಳವನ್ನು ತೂತು ಮಾಡಿ ಹೂಕುಂಡದಲ್ಲಿ ನಿಂತಿತು.

ಸಾಹೇಬರು ಬಾಣಕ್ಕೆ ಹಪ್ಪಳ ಸಿಕ್ಕಿಸಿಕೊಂಡೇ ಕಚೇರಿಗೆ ಬಂದರು.

“ಏನಲೇ ಇದು?”

“ಕಾರ್ಬನ್‍ರಿ ಸಾಹೇಬ್ರ.”

“ಕಾರ್ಬನ್ನಾ? ಟೈಪ್ ಮಾಡೂವಾಗ ಹಾಳಿ ನಡುವ ಇಡ್ತಾರಲ್ಲ, ಅದಾ?”

“ಅದರ ಅಣ್ಣತಮ್ಮರ ಪೈಕಿರಿ.”

“ಹಂಗಾದ್ರ ನಮ್ಮನಿಗೆ ಬಂದದ್ದು ಅಸಲೋ, ನಕಲೋ? ನಕಲಾದ್ರ ಅಸಲು ಯಾರ ಮನ್ಯಾಗ ಬಿದ್ದೈತಿ, ಮೊದಲ ಅದನ್ನ ನೋಡು!” ಎಂದು ಗದರಿ ಸಾಹೇಬರು ಆ ಬಾಣವನ್ನು ಜಪ್ತಿ ಮಾಡಿದರು. ಹಪ್ಪಳವನ್ನೂ ಅವರೇ ಇಟ್ಟುಕೊಂಡರು.

ಎರಡನೆಯ ಬಾಣ ಕಾಲುವೆಗೆ ಬಿದ್ದು ಗಂಗಾವತಿಯ ಕಡೆ ತೇಲಿಹೋಯಿತು. ಮೂರನೆಯದು, ಅಂದರೆ ಕೊನೆಯದು, ಎಡಮನೆಯ ಅಬೇದಾಬಿಯ ಕೋಳಿಗೂಡಿಗೆ ನುಗ್ಗಿತು. ಅಬೇದಾಬಿ ಒಂದು ಕೈಯಲ್ಲಿ ಬಾಣ, ಇನ್ನೊಂದು ಕೈಯಲ್ಲಿ ಹಿಡಿ ತುಂಬ ಪುಕ್ಕ ಹಿಡಿದು ಬಂದಳು. ಬಗಲಲ್ಲಿ ಬಾಲವಿಲ್ಲದ ಹುಂಜ ನಾಚಿಕೆಯಿಂದ ಮುಖ ಮುಚ್ಚಿಕೊಂಡಿತ್ತು.

“ಯಾ ಅಲ್ಲಾ! ಇದು ಹುಂಜ ಐತೋ ಹ್ಯಾಟಿ ಐತೋ ನೋಡಿ ಹೇಳು ಹುಲಗಪ್ಪಾ! ಹ್ಯಾಟಿಗಳ ಮುಂದ ಇದರ ಇಜ್ಜತ್ ಹೋತಲ್ಲೋ!”

ಹುಲಗಪ್ಪನಿಗೆ ಬೈಗುಳ ಕೇಳಿಸಲಿಲ್ಲ. ಅವನ ಕಣ್ಣು ಪುಕ್ಕದ ಮೇಲೆ ನೆಟ್ಟಿತ್ತು.

“ಸಾರಲ್ಲ! ಅಬೇದಾಬಿ, ಅಂವ ಕೇಳಿದ್ದು ಸಾರಲ್ಲ! ಪುಕ್ಕ ಹಚ್ಚು ಅಂದಾನ!” ಎಂದು ಕೂಗಿ ಹುಂಜವನ್ನು ಕಸಿದುಕೊಂಡು ಅದರ ನೆತ್ತಿಗೆ ಮುತ್ತು ಕೊಟ್ಟ. ಅಬೇದಾಬಿ ಅಂದಿನಿಂದ ಅವನಿಗೆ ತಲೆ ನೆಟ್ಟಗಿಲ್ಲವೆಂದು ತೀರ್ಮಾನಿಸಿ ಬೈಯುವುದನ್ನು ಬಿಟ್ಟಳು.

ಪ್ಲಾಸ್ಟಿಕ್ ಗರಿ ಬಿಲ್ಲಿನ ಮೈಗೆ ಬಡಿದು ಬಾಣವನ್ನು ತೂರಾಡಿಸುತ್ತಿತ್ತು. ಪುಕ್ಕವಾದರೆ ಬಿಲ್ಲಿಗೆ ತಾಗಿದೊಡನೆ ಮಲಗಿ, ದಾಟಿದ ಮೇಲೆ ಏಳುತ್ತದೆ. ಕಚೇರಿಯ ಗೋಂದಿನಿಂದ ಹುಲಗಪ್ಪ ಹುಂಜದ ಪುಕ್ಕ ಅಂಟಿಸಿದ. ಗುಣ ಕಂಡಿತು. ಮೊದಲು ಕುಡುಕನಂತೆ ತೂರಾಡುತ್ತ ಎಡಕ್ಕೆ ಹೋಗುತ್ತಿದ್ದ ಬಾಣ ಈಗ ತಹಶೀಲ್ದಾರರಂತೆ ನೆಟ್ಟಗೆ ಎಡಕ್ಕೆ ಹೋಯಿತು. ಅದೇ ಆಳುದ್ದ. ಒಂದು ಬೆರಳು ಹೆಚ್ಚಲ್ಲ, ಒಂದು ಬೆರಳು ಕಮ್ಮಿಯಲ್ಲ.

ಇನ್ನುಳಿದದ್ದು ಕಲ್ಲು. ಬಾಣದ ಮೂತಿಯ ಮೇಲೆ ಕಲ್ಲಿಟ್ಟದ್ದು ಮಸಾಲೆಗಲ್ಲ, ಭಾರಕ್ಕೆ ಎಂದು ಅವನಿಗೆ ಹೊಳೆಯಿತು. ಬಗ್ಗದ ಬಾಣ ಬಿಲ್ಲಿನ ಮೈ ಸುತ್ತಿ ಬರಲಾರದೆ ಎಡಕ್ಕೆ ಸಿಡಿಯುತ್ತದೆ. ಮೂತಿ ಭಾರವಾದರೆ ಬಿಟ್ಟ ಗಳಿಗೆಯಲ್ಲಿ ತುಸು ಬಳುಕಿ, ಬಿಲ್ಲನ್ನು ಸುತ್ತಿ, ನೇರಕ್ಕೆ ಬರುತ್ತದೆ. ಇದೆಲ್ಲ ಹುಲಗಪ್ಪನಿಗೆ ಗೊತ್ತಿತ್ತೆಂದರೆ ಸುಳ್ಳಾಗುತ್ತದೆ. ಅವನಿಗೆ ಗೊತ್ತಿದ್ದದ್ದು ಕಲ್ಲು ಮಾತ್ರ. ಸೈಕಲ್ ನಟ್ಟು ಸಿಕ್ಕಿಸಿದ. ಬಾಣ ಅವನ ಹೆಬ್ಬೆರಳಿನ ಪಕ್ಕದಲ್ಲೇ ಬಿತ್ತು. ತಂತಿ ಸುತ್ತಿದ, ಅರ್ಧ ದಾರಿಗೆ ಬಿಚ್ಚಿಕೊಂಡಿತು. ಮೇಣ ಹಚ್ಚಿದ, ಬಿಸಿಲಿಗೆ ಕರಗಿತು.

ದುರುಗವ್ವ ಒಲೆ ಮುಂದೆ ಕೂತು ಗೊಣಗಿದಳು. “ಆ ಕರಿ ಸವತಿ ಮನಿಗೆ ಬಂದಾಗಿಂದ ಗಡಿಗ್ಯಾಗ ನೀರಿಲ್ಲ, ಒಲಿಗೆ ಕಟ್ಟಿಗಿಲ್ಲ. ನನ್ನ ತಲಿಗೆ ಎಂದರ ಎಣ್ಣಿ ಹಚ್ಚೀಯೇನು? ಆಕಿಗೆ ನೋಡು, ಪುಕ್ಕ ಹಚ್ಚೋದೇನು, ಮೇಣ ಹಚ್ಚೋದೇನು!”

ಹಬ್ಬದ ಹಿಂದಿನ ಮುಂಜಾನೆ ಬಂತು. ದುರುಗವ್ವ ಹುಣಸೆಹಣ್ಣು ಹಚ್ಚಿ ತಿಕ್ಕಲೆಂದು ತನ್ನ ಬೆಳ್ಳಿಯ ಸುತ್ತುಕಾಲುಂಗುರದ ಜೋಡಿ ಬಿಚ್ಚಿ ಕಾಲುವೆ ದಂಡೆಯ ಒಗೆಯುವ ಕಲ್ಲಿನ ಮೇಲಿಟ್ಟು, ಹುಣಸೆಹಣ್ಣು ತರಲು ಒಳಗೆ ಹೋದಳು. ಹುಲಗಪ್ಪ ಬಂದ. ಉಂಗುರ ಕಂಡ. ಎರಡನ್ನೂ ಎತ್ತಿ ತೂಗಿದ. ನಟ್ಟಿಗಿಂತ ಹಗುರ, ತಂತಿಗಿಂತ ಭಾರ. ಸುರುಳಿಗಳನ್ನು ಹಿಚುಕಿದರೆ ಎರಡೂ ಬಾಣದ ಮೂತಿಗೆ ಕಚ್ಚಿಕೊಂಡು ಕೂತವು. ಅಜ್ಜನ ಪದ್ಧತಿಯಂತೆ ಚಪ್ಪಲಿ ಕಳಚಿಟ್ಟು, ಬಿಲ್ಲಿಗೆ ಹೂಡಿ ಬಿಟ್ಟ.

ಬಾಣ ನೆಟ್ಟಗೆ ಹೋಯಿತು! ಬಾಳೆದಿಂಡನ್ನು ಸೀಳಿಕೊಂಡು, ಕಾಲುವೆ ದಾಟಿ, ಆಚೆಯ ಜಾಲಿಪೊದೆಗಳ ನಡುವೆ ಎಲ್ಲೋ ಮಾಯವಾಯಿತು. ಹುಲಗಪ್ಪ ಹುಚ್ಚನಂತೆ ಕೇಕೆ ಹಾಕಿ, ಬಿಲ್ಲನ್ನೂ ಚಪ್ಪಲಿಯನ್ನೂ ದಂಡೆಯ ಮೇಲೇ ಬಿಟ್ಟು, ದೂರದ ಸೇತುವೆಯತ್ತ ಓಡಿದ.

ದುರುಗವ್ವ ಹೊರಬಂದು ನೋಡಿದರೆ ಕಲ್ಲಿನ ಮೇಲೆ ಉಂಗುರವಿಲ್ಲ. ನೀರಿಗೆ ಬಿದ್ದಿತೆಂದು ಕೋಲಿನಿಂದ ಕಾಲುವೆ ಕಲಕುತ್ತ ಅಳತೊಡಗಿದಳು. ಕೊಡ ಹಿಡಿದು ಬಂದ ಅಬೇದಾಬಿ ನಿಂತಲ್ಲೇ ನಿಂತಳು. ಎದುರಿಗೆ ಹುಲಗಪ್ಪನ ಚಪ್ಪಲಿ, ಒಂಟಿ ಬಿಲ್ಲು. ನೀರು ಕಲಕುತ್ತ ಅಳುವ ಹೆಂಡತಿ. ಆಕೆಯ ಕಾಲಬೆರಳು ಬರಿದು! ಗಂಡ ಸತ್ತ ಹೆಂಗಸಲ್ಲದೆ ಇನ್ನಾರು ಕಾಲುಂಗುರ ತೆಗೆಯುತ್ತಾರೆ?

ಅಬೇದಾಬಿ ಕೊಡ ಒಗೆದು ಓಡಿಬಂದು ದುರುಗವ್ವನನ್ನು ತಬ್ಬಿಕೊಂಡಳು. “ಹುಲಗಪ್ಪಾ! ನನ್ನ ಹುಂಜಕ್ಕ ಮುತ್ತು ಕೊಟ್ಟಿದ್ದೆಲ್ಲೋ! ಹೋಗಿಬಿಟ್ಟೆಲ್ಲೋ!”

ದುರುಗವ್ವ ಗಾಬರಿಯಿಂದ ಸುತ್ತ ನೋಡಿದಳು. ಚಪ್ಪಲಿ ಕಂಡಿತು. ಉಂಗುರ ಹೋದ ಗಳಿಗೆಗೇ ಗಂಡನೂ ಹೋದನೇ? ಆಕೆಯ ಎದೆ ಒಡೆದುಹೋಯಿತು. “ಅಯ್ಯೋ ನನ್ನ ದೊರಿಯೇ! ನಾ ಉಂಗುರ ಬಿಚ್ಚಬಾರದಿತ್ತೋ!” ಎಂದು ಬಾಯಿ ಬಡಿದುಕೊಂಡಳು. ಇನ್ನು ಸಂಶಯಕ್ಕೆ ಜಾಗವೆಲ್ಲಿ? ಹೆಂಡತಿಯೇ ಒಪ್ಪಿಕೊಂಡ ಮೇಲೆ ಹುಲಗಪ್ಪ ಸತ್ತದ್ದು ಖಾತ್ರಿಯಾಯಿತು.

ಕಾಲೋನಿ ಕಾಲುವೆಗೆ ಬಂತು. ಅಮರಪ್ಪ ಸಾಹೇಬರು ಲುಂಗಿಯಲ್ಲೇ ಓಡಿಬಂದು, “ಗೇಟ್ ಇಳಸ್ರಿ! ನೀರು ಬಂದ್ ಮಾಡ್ರಿ! ನಮ್ಮ ಹುಲಗಪ್ಪ ಸಿಗೋತನಕ ಒಂದು ಹನಿ ಬಿಡಬ್ಯಾಡ್ರಿ!” ಎಂದು ಅಬ್ಬರಿಸಿದರು. ಹಪ್ಪಳಕ್ಕಾಗಿ ಅವನನ್ನು ಬೈದದ್ದು ನೆನಪಾಗಿ ಅವರ ಕಣ್ಣು ತುಂಬಿತ್ತು. ನೀರು ಇಳಿಯಿತು. ಅಬೇದಾಬಿಯ ಗಂಡ, ಜೀಪು ಡ್ರೈವರ್ ಶಾಮೀದಸಾಬ, ಹೆಣ ಹುಡುಕಲು ಬಲೆ ಹಿಡಿದು ಕೆಸರಿಗಿಳಿದ. ಬಲೆಗೆ ಹೆಣ ಬೀಳಲಿಲ್ಲ, ಮೊಳದುದ್ದದ ಮೀನು ಬಿತ್ತು. ಆಮೇಲೆ ಹುಡುಕಲು ಇಳಿಯುವವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು. ಬುಟ್ಟಿ, ಸೀರೆ, ಲುಂಗಿ, ಕೈಗೆ ಸಿಕ್ಕಿದ್ದೆಲ್ಲ ಬಲೆಯಾಯಿತು. “ಹುಲಗಪ್ಪಾ!” ಎಂದು ಅಳುವುದು, ಮೀನು ಸಿಕ್ಕರೆ ಉಡಿಗೆ ಹಾಕುವುದು, ಮತ್ತೆ ಅಳುವುದು.

ಸುದ್ದಿ ಬಸ್ಸಿನಲ್ಲಿ ಜೋಡಬಂಡಿಗೂ ಹೋಯಿತು. ಓಬಳೆಪ್ಪ ತಲೆಗೆ ಟವೆಲ್ ಹಾಕಿಕೊಂಡು ಬಂದವನೇ, ಹೆಣ ಸಿಕ್ಕಿತೇ ಎಂದೂ ಕೇಳದೆ, ಬಿಲ್ಲನ್ನು ತಬ್ಬಿಕೊಂಡು ಅತ್ತ. “ತಮ್ಮಾ! ನಿನ್ನ ಬಿಲ್ಲು ನಾ ಜ್ವಾಕಿ ಮಾಡ್ತೀನೋ! ಗೂಟ ಸೈತ ಹೊಡದೀನೋ!”

ಇಷ್ಟು ಹೊತ್ತಿಗೆ ಜಾಲಿಮುಳ್ಳಿನಲ್ಲಿ ಅಂಗಿ ಹರಿದುಕೊಂಡು, ಬಾಣ ಹುಡುಕಿ ಬೆನ್ನಿಗೆ ಸಿಕ್ಕಿಸಿಕೊಂಡು, ಕಾಲುವೆ ಬತ್ತಿದ್ದನ್ನು ಕಂಡು ಹುಲಗಪ್ಪ ಆಚೆ ದಂಡೆಯಿಂದ ನೇರ ಕೆಸರಿಗಿಳಿದ. ಜಾರಿ ಬಿದ್ದು ಎದ್ದಾಗ ಅವನ ಕಣ್ಣು ಮಾತ್ರ ಕಾಣುತ್ತಿತ್ತು.

“ಏನ್ ಹುಡುಕಾಕತ್ತೀರಿ?” ಎಂದು ಶಾಮೀದಸಾಬನನ್ನು ಕೇಳಿದ.

“ಹುಲಗಪ್ಪನ್ನ. ಪಾಪ, ಮುಂಜಾನಿ ನೀರಾಗ ಬಿದ್ದು ಹೋಗ್ಯಾನ.”

ಹುಲಗಪ್ಪ ಲೊಚಗುಟ್ಟಿದ. ಹುಲಿಗಿ ದೇವಿಯ ಸೀಮೆಯಲ್ಲಿ ಹುಲಗಪ್ಪಂದಿರಿಗೆ ಬರವೇ? ಯಾರೋ ತನ್ನ ಹೆಸರಿನವನು! ಹೆಂಡಿರು ಮಕ್ಕಳಿದ್ದರೋ ಏನೋ! ತಾನೂ ಸೊಂಟ ಬಗ್ಗಿಸಿ, ಕೆಸರಿಗೆ ಕೈ ಹಾಕಿ, ಬಿಕ್ಕುತ್ತ ಹುಡುಕತೊಡಗಿದ. ತನ್ನ ಹೆಣವನ್ನು ತಾನೇ ಅಷ್ಟು ಶ್ರದ್ಧೆಯಿಂದ ಹುಡುಕಿದ ಮನುಷ್ಯನನ್ನು ಆ ಕಾಲುವೆ ಮತ್ತೆ ಕಂಡಿಲ್ಲ. ಎಲ್ಲರೂ ಮೀನು ಹಿಡಿಯುತ್ತಿದ್ದಾಗ ಹುಲಗಪ್ಪನನ್ನು ಹುಡುಕುತ್ತಿದ್ದವನು ಅವನೊಬ್ಬನೇ.

ಹುಡುಕುತ್ತ ಹುಡುಕುತ್ತ ಈಚೆ ದಂಡೆಗೆ ಬಂದು, ಅಳುತ್ತ ಕೂತಿದ್ದ ಹೆಂಗಸಿಗೆ ಕೈ ಮುಗಿದು, “ಅಳಬ್ಯಾಡವ್ವಾ, ಸಿಗ್ತಾನ” ಎಂದ. ಹೆಂಗಸು ತಲೆ ಎತ್ತಿದಳು. ಕೆಸರಿನ ಮೋರೆ ಗುರುತಾಗಲಿಲ್ಲ. ಬೆನ್ನಿನಿಂದ ಇಣುಕುತ್ತಿದ್ದ ಬಾಣದ ಮೂತಿ ಗುರುತಾಯಿತು. ಅದರ ಮೇಲೆ ಬಿಸಿಲಿಗೆ ಹೊಳೆಯುತ್ತಿದ್ದ ತನ್ನ ಕಾಲುಂಗುರ ಇನ್ನೂ ಚೆನ್ನಾಗಿ ಗುರುತಾಯಿತು.

“ಆಕಿಗೆ ಹಾಕಿದಿ! ನನ್ನ ಕಾಲುಂಗುರ ಆ ಸವತಿಗೆ ಹಾಕಿದಿ!” ಎಂದು ದುರುಗವ್ವ ನೀರು ಕಲಕುತ್ತಿದ್ದ ಕೋಲು ಎತ್ತಿಕೊಂಡಳು. ಒಂದೇಟು ಕೊಟ್ಟಳು, ತಬ್ಬಿಕೊಂಡು ಅತ್ತಳು, ಮತ್ತೆ ಒಂದೇಟು ಕೊಟ್ಟಳು.

ಅಮರಪ್ಪ ಸಾಹೇಬರಿಗೆ ಸಂತೋಷವಾಯಿತು, ಆಮೇಲೆ ಭಯವಾಯಿತು. “ಲೇ, ಕಾಲುವಿ ಬಂದ್ ಮಾಡಿಸೀನಿ ನಾನು! ನೀ ಸತ್ತಿಲ್ಲಂದ್ರ ಮ್ಯಾಲಿನವರಿಗೆ ಏನಂತ ಹೇಳ್ಲಿ? ಒಂದು ಮಾತು ತಿಳಿಸಿ ಬದುಕೋದಲ್ಲೇನು!”

“ತಪ್ಪಾತ್ರಿ ಸಾಹೇಬ್ರ” ಎಂದ ಹುಲಗಪ್ಪ, ಬದುಕಿದ್ದಕ್ಕೆ ನಿಜವಾಗಿ ನೊಂದುಕೊಂಡು.

ಓಬಳೆಪ್ಪ ಮಾತ್ರ ಬಿಲ್ಲು ಬಿಡಲಿಲ್ಲ. “ನಾ ಅತ್ತಾಗೇತಿ. ಅಳು ಸುಮ್ನ ಬರ್ತೈತೇನು?” ಎಂದು ಜಗಳಕ್ಕೆ ನಿಂತ. ಶಾಮೀದಸಾಬ ಮೀನಿನ ಬುಟ್ಟಿ ಕೊಟ್ಟ ಮೇಲೆ ಬಿಲ್ಲು ಕೆಳಗಿಟ್ಟ. ಹೋಗುವಾಗ ಅವನ ಕಣ್ಣು ದುರುಗವ್ವನ ಉಂಗುರವಿಲ್ಲದ ಕಾಲಿನ ಮೇಲಿತ್ತು.

ಮನೆಗೆ ಬಂದ ಮೇಲೆ ಹುಲಗಪ್ಪ ಉಂಗುರ ಬಿಚ್ಚಲು ಹೋದರೆ ದುರುಗವ್ವನೇ ತಡೆದಳು. “ಇರ್ಲಿ ಬಿಡು. ಬಿಲ್ಲು ಉಳೀಲಿ. ನಾಳೆ ಸೀರಿ ನೆಲಕ್ಕ ತಾಗೂವಂಗ ಉಟ್ಟುಕೋತೀನಿ. ಯಾರಿಗೆ ಕಾಣ್ತೈತಿ?”

ವಿಜಯದಶಮಿಯ ಸಂಜೆ ಜೋಡಬಂಡಿಯ ಬನ್ನಿಗಿಡದ ಮುಂದೆ ಊರೇ ಸೇರಿತು. ಸತ್ತು ಬಂದವನು ಹೇಗೆ ಹೊಡೆಯುತ್ತಾನೆಂದು ನೋಡಲು ಪಕ್ಕದ ಊರವರೂ ಬಂದಿದ್ದರು. ಶಾಮೀದಸಾಬ ಜೀಪಿನಲ್ಲಿ ಸಾಹೇಬರನ್ನೂ ಅಬೇದಾಬಿಯನ್ನೂ ಕರೆತಂದಿದ್ದ. ಹುಲಗಪ್ಪ ಚಪ್ಪಲಿ ಕಳಚಿ ಬಿಲ್ಲು ಎತ್ತಿದ. ಬಾಳೆಗಿಡದ ಬಲಕ್ಕೆ ಕಟ್ಟೆಯ ಮೇಲೆ ಮೀಸೆ ತೀಡುತ್ತ ಕೂತಿದ್ದ ಓಬಳೆಪ್ಪ ಕೈ ಎತ್ತಿದ.

“ತಡೀರಿ! ಹೇಣ್ತಿ ಕಾಲು ಬರಿದು ಇಟ್ಟಾಂವ ಈ ಬಿಲ್ಲು ಮುಟ್ಟಬಾರದು. ಹಿರ್ಯಾರ ಕಟ್ಟಳಿ ಐತೋ ಇಲ್ಲೋ? ದುರುಗವ್ವ ಕಾಲು ತೋರಿಸ್ಲಿ!”

ಊರಿನ ಕಣ್ಣೆಲ್ಲ ದುರುಗವ್ವನ ಸೆರಗಿನತ್ತ, ಅಲ್ಲಿಂದ ಪಾದದತ್ತ ಇಳಿದವು. ಮುದುಕಪ್ಪ ಬೇಸರದಿಂದಲೇ ಹೇಳಿದ. “ಕಟ್ಟಳಿ ಹೌದವ್ವಾ. ತೋರಿಸಿಬಿಡು.”

ಸಾಹೇಬರ ಕಾಲುವೆಯನ್ನೇ ಕಲಕಿದ ದುರುಗವ್ವ ಈಗ ಸೀರೆಯ ನೆರಿಗೆಯನ್ನು ಮತ್ತಷ್ಟು ಕೆಳಗೆಳೆದಳು. ಕಾಲ್ಬೆರಳನ್ನು ಮಡಚಿ ಮಣ್ಣಿನಲ್ಲಿ ಹುದುಗಿಸಿಕೊಂಡಳು. ಆಕೆಯ ಮುಖ ನೋಡಿ ಹುಲಗಪ್ಪನಿಗೆ ಅಳು ಬಂತು. ಬಿಲ್ಲು ಅಜ್ಜನದು, ಸರಿ. ಈಕೆ ಯಾರವಳು? ಅವನು ಬಾಣದ ಮೂತಿಯಿಂದ ಉಂಗುರವನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದ. ಇಡೀ ಊರಿನೆದುರು ಮೊಣಕಾಲೂರಿ, ಹೆಂಡತಿಯ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳಿನ ಮಣ್ಣು ಒರೆಸಿ, ಒಂದೊಂದೇ ಉಂಗುರ ತೊಡಿಸಿದ.

“ಬ್ಯಾಡೋ, ಬಾಣ ಎಡಕ್ಕ ಹೋಗ್ತೈತಿ” ಎಂದು ದುರುಗವ್ವ ಪಿಸುಗುಟ್ಟಿದಳು.

“ಹೋಗ್ಲಿ ಬಿಡು. ನೀ ನೆಟ್ಟಗ ನಿಂದ್ರು” ಎಂದ.

ಹೆಂಗಸರು ಕಣ್ಣೊರೆಸಿಕೊಂಡರು. ಓಬಳೆಪ್ಪ ಮೀಸೆಯಲ್ಲೇ ನಕ್ಕ. ಹುಲಗಪ್ಪ ಬಾಣ ಹೂಡಿದ, ಬಾಳೆಗಿಡದ ಕಡೆ ನೋಡಿದ, ನಿಂತು ಯೋಚಿಸಿದ. ಎಡಕ್ಕೆ ಹೋಗುತ್ತದೆ. ಎಷ್ಟು ಎಡಕ್ಕೆ? ಆಳುದ್ದ. ಒಂದು ತಿಂಗಳು ಹಪ್ಪಳ, ಹುಂಜ, ಕಾಲುವೆ ಎಲ್ಲ ಹಾಳು ಮಾಡಿ ಅವನು ಕಲಿತ ವಿದ್ಯೆ ಅದೊಂದೇ. ನಿಧಾನವಾಗಿ ಬಿಲ್ಲನ್ನು ಬಲಕ್ಕೆ ತಿರುಗಿಸಿದ. ಬಾಳೆಗಿಡದ ಬಲಕ್ಕೆ ಸರಿಯಾಗಿ ಆಳುದ್ದ ದೂರದಲ್ಲಿ ಇದ್ದದ್ದು ಓಬಳೆಪ್ಪನ ಮೀಸೆ.

“ಏ! ಏ ತಮ್ಮಾ! ಗಿಡ ಆ ಕಡಿ ಐತಲ್ಲೋ!”

“ಗೊತ್ತೈತಿ ಅಣ್ಣಾ. ಅಳ್ಳಾಡಬ್ಯಾಡ, ಗುರಿ ತಪ್ತೈತಿ.”

“ಮುದುಕಪ್ಪಜ್ಜಾ! ನಿನ್ನೆ ಸತ್ತಾಂವ ಇಂದ ನನ್ನ ಕರಕೊಂಡು ಹೊಂಟಾನ!” ಎಂದು ಕೂಗುತ್ತ ಓಬಳೆಪ್ಪ ಕಟ್ಟೆಯಿಂದ ಜಿಗಿದು ಹಿಂದಿದ್ದ ಬನ್ನಿಗಿಡವನ್ನು ಸರಸರನೆ ಏರಿದ. ಬನ್ನಿಗೆ ಮುಳ್ಳಿರುತ್ತದೆ ಎಂಬುದು ಅವನಿಗೆ ಅರ್ಧ ಏರಿದ ಮೇಲೆ ನೆನಪಾಯಿತು. ಹುಲಗಪ್ಪ ಬಿಟ್ಟ. ಕರಿ ಬಾಣ ಖಾಲಿ ಕಟ್ಟೆಯ ಕಡೆಗೆಂದು ಹೊರಟು, ತನ್ನ ಹಳೆಯ ಚಾಳಿಯಂತೆ ಎಡಕ್ಕೆ ಸರಿದು, ಬಾಳೆಗಿಡದ ನಟ್ಟ ನಡುವೆ ಹುಂಜದ ಪುಕ್ಕದವರೆಗೂ ಹೊಕ್ಕು ನಿಂತಿತು.

ಹಲಗೆ ಬಾರಿಸುವವರು ಬಾರಿಸಲು ಮರೆತರು. ಆಮೇಲೆ ಊರು ಕೂಗಿದ ಕೂಗು ಸಾಣಾಪುರದ ಕೆರೆಯ ತನಕ ಕೇಳಿಸಿತು. “ನನ್ನ ಹುಂಜದ ಪುಕ್ಕ! ನನ್ನ ಹುಂಜದ್ದು!” ಎಂದು ಅಬೇದಾಬಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದಳು. ಅಮರಪ್ಪ ಸಾಹೇಬರು “ನಮ್ಮ ಸೆಕ್ಷನ್ ಹುಡುಗ” ಎಂದು ಎದೆ ಉಬ್ಬಿಸಿದರು. ಮುದುಕಪ್ಪ ತಲೆ ಎತ್ತಿ ಗಿಡದ ಕಡೆ ನೋಡಿದ.

“ಓಬಳೆಪ್ಪಾ, ಹೆಂಗೂ ಏರೀದಿ. ನಾಲ್ಕು ಟೊಂಗಿ ಮುರದು ಒಗಿ, ಹೋಳಿಗಿ ಆರಾಕತ್ತಾವ.”

ಮೇಲಿನಿಂದ ಬನ್ನಿ ಉದುರಿತು. ಹುಲಗಪ್ಪ ಮೊದಲ ಹಿಡಿ ಎಲೆ ತಂದು ದುರುಗವ್ವನ ಕೈಗಿಟ್ಟು, “ಬಂಗಾರದಂಗ ಇರೋಣ” ಎಂದ.

ದುರುಗವ್ವ ಎಲೆ ಕಣ್ಣಿಗೊತ್ತಿಕೊಂಡಳು. ಬಾಳೆಗಿಡದ ಹತ್ತಿರ ಹೋಗಿ, ಹೊಕ್ಕಿದ್ದ ಬಾಣವನ್ನು ಕಿತ್ತು, ಅದರ ಬರಿ ಮೂತಿಯನ್ನು ಸೆರಗಿನಿಂದ ಒರೆಸಿ ನೋಡಿದಳು.

“ಬಂಗಾರ ಇರ್ಲಿ, ಮೊದಲ ಬೆಳ್ಳಿ ತಾ” ಎಂದಳು. “ಬರೋ ದಸರಾದಾಗ ಎರಡು ಜೋಡಿ ಕಾಲುಂಗುರ ಆಗಬೇಕು ನೋಡು. ನನಗೊಂದು, ನನ್ನ ಸವತಿಗೊಂದು.”